ಎರಡನೇ ಕವಲಿನ ಗೂಟ

ಗುಡ್ಡದ ದಾರಿಯಲ್ಲಿ ಓಡುವ ಬೂಟು ಒಂದು ಜೊತೆಗೆ ನಲವತ್ತೆರಡು ಪ್ಯಾಂಟು. ಅಂದರೆ ನಲವತ್ತೆರಡು ಪ್ಯಾಂಟುಗಳ ಕಾಲು ಮಡಚಿ ಹೊಲಿದರೆ ಬರುವ ಕೂಲಿ. ಅಡಿಯಲ್ಲಿ ಹಲ್ಲಿಲ್ಲದ ಸಾದಾ ಬೂಟಾದರೆ ಹದಿನೆಂಟು ಪ್ಯಾಂಟಿಗೇ ಸಿಗುತ್ತಿತ್ತು. ಆದರೆ ಅದನ್ನು ಹಾಕಿಕೊಂಡ ಮೊದಲ ತಿಂಗಳೇ ಅವಳು ಇಳಿಜಾರಿನಲ್ಲಿ ಜಾರಿ, ಬಲಗೈ ಊದಿಸಿಕೊಂಡು, ಒಂಬತ್ತು ದಿನ ಹೊಲಿಗೆ ಯಂತ್ರ ಮುಟ್ಟದೆ ಕೂತಿದ್ದಳು. ಆ ಒಂಬತ್ತು ದಿನದ ಕೂಲಿ ಸೇರಿಸಿದರೆ ಅಗ್ಗದ ಬೂಟೇ ದುಬಾರಿ.

ಇದರ ಮೇಲೆ ಭಾನುವಾರ ಬೆಳಿಗ್ಗೆ ಎರಡು ತಾಸಿನ ಖರ್ಚು. ಅದಕ್ಕೆ ಬೆಲೆ ಕಟ್ಟಿದವನು ಗಂಡ. ವ್ಯಾನು ಓಡಿಸುವ ಅವನ ಪಾಳಿ ಒಂಬತ್ತಕ್ಕೆ ಶುರುವಾಗುತ್ತಿತ್ತು. ಎಂಟೂವರೆಗೆ ಅವಳು ಮನೆಯಲ್ಲಿರಬೇಕು, ಏಕೆಂದರೆ ಎಂಟು ವರ್ಷದ ಮಗಳನ್ನು ಒಬ್ಬಳನ್ನೇ ಬಿಡುವ ಹಾಗಿಲ್ಲ.

"ಹುಲಿ ಅಟ್ಟಿಸಿಕೊಂಡು ಬಂದ್ರೆ ಓಡ್ತಾರೆ. ನೀನು ದುಡ್ಡು ಕೊಟ್ಟು ಓಡ್ತೀಯಲ್ಲ," ಅನ್ನುತ್ತಿದ್ದ ಅವನು.

"ಹುಲಿ ಬಂದ ದಿನ ಅಭ್ಯಾಸ ಇರ್ಲಿ ಅಂತ," ಅನ್ನುತ್ತಿದ್ದಳು ಅವಳು.

ಹೀಗೆ ಉತ್ತರ ಕೊಡಲು ಕಲಿತದ್ದೂ ಗುಡ್ಡ ಹತ್ತಲು ಶುರು ಮಾಡಿದ ಮೇಲೆಯೇ. ಅದಕ್ಕೂ ಮುಂಚೆ ಹದಿನಾಲ್ಕು ವರ್ಷ ರಿಪೇರಿ ಹೊಲಿಗೆಯ ಅಂಗಡಿಯೊಂದರ ಮೂಲೆಯಲ್ಲಿ ಬೆನ್ನು ಬಗ್ಗಿಸಿ ಕೂತು, ಗಿರಾಕಿ ಬೈದರೂ ಮಾಲೀಕ ಬೈದರೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಇದ್ದವಳು. ಒಂದು ದಿನ ಟಪಾಲು ಹಂಚುವ ಹೆಂಗಸು ಚೀಲದ ಪಟ್ಟಿ ಹೊಲಿಸಲು ಬಂದು, ಇವಳು ಸೊಂಟ ಹಿಡಿದುಕೊಂಡು ಏಳುವುದನ್ನು ಕಂಡು, "ಮುದುಕಿ ಆಗೋಕೆ ಇನ್ನೂ ಟೈಮಿದೆ. ಭಾನುವಾರ ಸ್ಕೂಲಿನ ಹಿಂದಿನ ಗೇಟಿಗೆ ಬಾ," ಅಂದಿದ್ದಳು. ಬಂದ ದಿನವೇ ಇವಳಿಗೆ ಸೂಜಿ ಅಂತ ಹೆಸರಿಟ್ಟರು. ಟಪಾಲಿನವಳನ್ನು ಎಲ್ಲರೂ ಅಂಚೆಯಕ್ಕ ಅನ್ನುತ್ತಿದ್ದರು. ಗುಡ್ಡದ ಕಾಲುದಾರಿಗಳೆಲ್ಲ ಅವಳಿಗೆ ತನ್ನ ಅಂಗೈ ಗೆರೆ ಇದ್ದ ಹಾಗೆ.

ಗುಂಪಿನಲ್ಲಿ ಇದ್ದವರು ಎಂಟು ಜನ, ಎಲ್ಲರೂ ತಾಯಂದಿರು. ಅಂಚೆಯಕ್ಕ, ಆಸ್ಪತ್ರೆಯ ನರ್ಸು, ಒಬ್ಬ ಟೀಚರ್, ಬೇಕರಿ ನಡೆಸುವವಳು, ಒಂದೇ ಮನೆಯ ಇಬ್ಬರು ವಾರಗಿತ್ತಿಯರು, ಸೂಜಿ, ಮತ್ತೆ ಕೊನೆಗೆ ಬಂದು ಸೇರಿದ ಪಿಸು. ಪಿಸು ಹೊಲಿಗೆ ಅಂಗಡಿಯ ಪಕ್ಕದ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಹುಡುಗಿ. ಏಳು ತಿಂಗಳ ಮಗುವಿನ ತಾಯಿ. ಮಗು ಎಚ್ಚರವಾದೀತು ಅಂತ ಮನೆಯಲ್ಲಿ ಪಿಸುಮಾತು ಆಡಿ ಆಡಿ, ಹೊರಗೂ ಅವಳ ದನಿ ಅಷ್ಟಕ್ಕೇ ನಿಂತುಹೋಗಿತ್ತು. ಮಡಿಸಿಟ್ಟ ಹಾಸಿಗೆ ಬಟ್ಟೆಗಳ ರಾಶಿಯಲ್ಲಿ ಮುಖ ಹುದುಗಿಸಿ ಅವಳು ಅಳುವುದನ್ನು ಸೂಜಿ ಎರಡು ಸಲ ಕಂಡಿದ್ದಳು. ಮೂರನೇ ಸಲ ಕಂಡಾಗ, "ನಾನಿದ್ದೀನಿ, ಬಾ," ಅಂತ ಕೈ ಹಿಡಿದು ಕರೆತಂದಿದ್ದಳು. ಅವಳ ಅತ್ತೆಯ ಹತ್ತಿರ ಹೋಗಿ, "ಎಂಟೂವರೆಗೆ ನಾನೇ ತಂದು ಬಿಡ್ತೀನಮ್ಮ," ಅಂತ ಮಾತೂ ಕೊಟ್ಟಿದ್ದಳು.

ಗುಂಪಿಗೆ ಒಂದೇ ಒಂದು ಕಟ್ಟಳೆ ಇತ್ತು. ಎಲ್ಲರೂ ಒಂದೇ ವೇಗದಲ್ಲಿ ಓಡುವುದಿಲ್ಲ, ಮುಂದಿನವರು ಕಣ್ಮರೆಯಾಗುತ್ತಾರೆ. ಅದಕ್ಕೆ ದಾರಿ ಕವಲಾದ ಕಡೆಯಲ್ಲೆಲ್ಲ ಅಂಚೆಯಕ್ಕನ ಹಿಂದೆ ಇದ್ದವಳು ಅಲ್ಲೇ ಗೂಟದ ಹಾಗೆ ನಿಲ್ಲಬೇಕು. ಹಿಂದೆ ಬರುವವರಿಗೆಲ್ಲ ಸರಿದಾರಿ ತೋರಿಸಬೇಕು. ಕಟ್ಟಕಡೆಗೆ ಬರುವವಳು ಬಾಲ. ಅವಳ ಕೊರಳಲ್ಲಿ ಕೆಂಪು ಬಟ್ಟೆ ಇರುತ್ತದೆ. ಕೆಂಪು ಬಟ್ಟೆ ದಾಟಿದ ಮೇಲೆ ಮಾತ್ರ ಗೂಟ ಕಿತ್ತು ಅವಳ ಜೊತೆ ಓಡಬೇಕು. ತಲೆ ಎಣಿಸುವ ರಗಳೆಯಿಲ್ಲ, ಕೂಗುವ ರಗಳೆಯಿಲ್ಲ. ಆ ಬಟ್ಟೆಯನ್ನು ಹೊಲಿದವಳು ಸೂಜಿಯೇ, ಕೋಟಿನ ಒಳಪದರಕ್ಕೆ ತಂದು ಮಿಕ್ಕಿದ ತುಂಡಿನಲ್ಲಿ. ಪಿಸು ಬಂದ ಮೇಲೆ ಬಾಲ ಅವಳೇ. ಅದನ್ನು ಲಾಂಡ್ರಿಯ ಗಂಟು ಹಾಕಿ ಕಟ್ಟಿಕೊಳ್ಳುತ್ತಿದ್ದಳು. ಒಂದು ಎಳೆ ಎಳೆದರೆ ಬಿಚ್ಚಿಕೊಳ್ಳುವ ಗಂಟು.

ಆ ಭಾನುವಾರ ಹತ್ತುವಾಗ ಆಕಾಶ ತಿಳಿಯಾಗಿತ್ತು. ಮೇಲಿನ ಪಾಳು ನೀರಿನ ತೊಟ್ಟಿ ಮುಟ್ಟಿ ಇಳಿಯಲು ಶುರು ಮಾಡಿದಾಗ ಮಂಜು ಬಂತು. ಮೊದಲು ದೂರದ ಮರಗಳ ಕಾಲು ಹೋಯಿತು, ಆಮೇಲೆ ಮರಗಳೇ ಹೋದವು. ಊರಿನಿಂದ ಎಣಿಸಿದರೆ ಎರಡನೆಯದಾದ, ಇಳಿಯುವಾಗ ಮೊದಲು ಸಿಗುವ ಕವಲಿಗೆ ಬಂದಾಗ ಸೂಜಿಯ ಸರದಿ. ಒಡೆದ ಬಂಡೆಯ ಪಕ್ಕ ಗೂಟವಾಗಿ ನಿಂತಳು. ಅಲ್ಲಿ ಊರಿನ ದಾರಿ ಎಡಕ್ಕೆ ಕಡಿದಾಗಿ ಇಳಿಯುತ್ತದೆ. ನೇರಕ್ಕೆ ಹೋಗುವುದು ನಿಂತುಹೋದ ಕಲ್ಲುಗಣಿಯ ದಾರಿ. ನೋಡಿದವರಿಗೆ ಅದೇ ದೊಡ್ಡ ದಾರಿ ಅನ್ನಿಸುತ್ತದೆ, ಹಿಂದೆ ಲಾರಿ ಓಡಾಡಿದ್ದರಿಂದ.

ನರ್ಸು ದಾಟಿದಳು, ಟೀಚರ್ ದಾಟಿದಳು, ವಾರಗಿತ್ತಿಯರು ಎಂದಿನಂತೆ ಜಗಳವಾಡುತ್ತಲೇ ದಾಟಿದರು. ಆಗ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಅಮ್ಮಾ, ನನ್ನ ನೀಲಿ ಸಾಕ್ಸ್ ಒಂದೇ ಇದೆ, ಇನ್ನೊಂದೆಲ್ಲಿ?"

"ಹುಡುಕು ಪುಟ್ಟಿ, ಬಂದೆ."

ಹಿಂದಿನಿಂದ ಗಂಡನ ದನಿ: "ಎಷ್ಟೊತ್ತು ಅಂತ ಕೇಳು ನಿಮ್ಮಮ್ಮನ್ನ. ಇವತ್ತು ಬೇಗ ಹೋಗ್ಬೇಕು ನಾನು."

ಅಷ್ಟರಲ್ಲಿ ಮಂಜಿನೊಳಗಿಂದ ಕೆಂಪು ಬಟ್ಟೆ ಬಂತು. ಬಂದದ್ದು ಬೇಕರಿಯವಳ ಕೊರಳಲ್ಲಿ. ಗಂಟು ಬಿಗಿಯಾದ ಜೋಡಿಗಂಟು, ಹಿಟ್ಟಿನ ಚೀಲಕ್ಕೆ ಹಾಕುವಂಥದು. ಹೊಲಿಗೆಯವಳ ಕಣ್ಣು ಅದು, ನೋಡಬೇಡ ಅಂದರೂ ನೋಡುತ್ತದೆ. ಇದು ಪಿಸುವಿನ ಗಂಟಲ್ಲ ಅಂತ ಒಳಗೊಂದು ಎಳೆ ಎಳೆಯಿತು.

"ಎಲ್ಲಾ ಬಂದ್ರಾ?" ಕೇಳಿದಳು, ಫೋನು ಕಿವಿಯಲ್ಲೇ ಇಟ್ಟುಕೊಂಡು.

ಬೇಕರಿಯವಳು ಏದುಸಿರು ಬಿಡುತ್ತ ಕೈ ಬೀಸಿದಳು. ಹೌದು ಅಂತಲೂ ಆಗಬಹುದು, ನಡಿ ಅಂತಲೂ ಆಗಬಹುದು. ಸೂಜಿ ತನಗೆ ಬೇಕಾದ ಅರ್ಥ ತೆಗೆದುಕೊಂಡಳು. ಗೂಟ ಕಿತ್ತಳು.

ಸ್ಕೂಲಿನ ಹಿಂದಿನ ಗೇಟಿಗೆ ಬಂದು ನಿಂತಾಗ ಎಂಟೂ ಹತ್ತು. ಅಂಚೆಯಕ್ಕ ಬಾಟಲಿಯ ನೀರು ಕುಡಿಯುತ್ತಾ ಸುತ್ತ ನೋಡಿದಳು, ಬಾಟಲಿ ಕೆಳಗಿಳಿಸಿದಳು.

"ಪಿಸು ಎಲ್ಲಿ?"

ಎಲ್ಲರ ಕಣ್ಣೂ ಕೆಂಪು ಬಟ್ಟೆಯ ಮೇಲೆ ಹೋಯಿತು. ಬೇಕರಿಯವಳು ಕೊರಳು ಮುಟ್ಟಿ ನೋಡಿಕೊಂಡಳು. ಅದು ಅಲ್ಲಿರುವುದೇ ಮರೆತುಹೋಗಿತ್ತು ಅವಳಿಗೆ.

"ತೊಟ್ಟಿಯಿಂದ ಇಳೀತಾ ನಿಂತ್ಕೊಂಡ್ಲು. ಎದೆಯಲ್ಲಿ ಹಾಲು ಕಟ್ಟಿ ನೋಯ್ತಿದೆ, ಬಂಡೆ ಹಿಂದೆ ಹೋಗಿ ಸ್ವಲ್ಪ ಹಿಂಡಿ ಬರ್ತೀನಿ ಅಂದ್ಲು. ಇದನ್ನ ನೀನು ಹಾಕ್ಕೊ ಅಕ್ಕ, ನನ್ನಿಂದ ಯಾರೂ ಕಾಯೋದು ಬೇಡ, ಎರಡು ನಿಮಿಷಕ್ಕೆ ಹಿಂದೇನೇ ಬರ್ತೀನಿ ಅಂತ... ನಾನು ಹಾಕ್ಕೊಂಡೆ."

"ಹಾಕ್ಕೊಂಡೆ?" ಅಂದಳು ಅಂಚೆಯಕ್ಕ.

"ಚಳಿ ಇತ್ತು," ಅಂದಳು ಬೇಕರಿಯವಳು, ಮುಖ ಸುಣ್ಣವಾಗಿ.

"ಎರಡನೇ ಕವಲಲ್ಲಿ ಗೂಟ ಯಾರು?"

"ನಾನು," ಅಂದಳು ಸೂಜಿ. "ಕೆಂಪು ಬಟ್ಟೆ ಬಂತು. ಬಂದೆ."

ಅದು ನಿಜವೇ. ಆದರೆ ಅರ್ಧ ನಿಜ. ಗಂಟಿನ ಮಾತು ಅವಳು ಎತ್ತಲಿಲ್ಲ.

ಟೀಚರು ಪಿಸುವಿನ ನಂಬರಿಗೆ ಫೋನು ಹಚ್ಚಿದಳು. ಎತ್ತಿದ್ದು ಅತ್ತೆ. ಫೋನಿನ ಹಾಡು ಕೇಳದೆ ಮಗು ಮಲಗುವುದಿಲ್ಲ ಅಂತ ಪಿಸು ಅದನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. ಹಿಂದಿನಿಂದ ಮಗುವಿನ ಅಳು ಕೇಳುತ್ತಿತ್ತು, ಹಸಿದ ಅಳು.

ಅಂಚೆಯಕ್ಕ ಬೈಯುತ್ತ ನಿಲ್ಲಲಿಲ್ಲ. ನರ್ಸಿಗೆ, "ನೀನು ಮಗು ಹತ್ರ ಹೋಗು. ಆ ಅತ್ತೆಮ್ಮ ನಮ್ಮ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾಳೆ," ಅಂದಳು. ದೊಡ್ಡ ವಾರಗಿತ್ತಿಯನ್ನು ಗೇಟಿನಲ್ಲೇ ನಿಲ್ಲಿಸಿ ಅಗ್ನಿಶಾಮಕದವರಿಗೆ ಫೋನು ಮಾಡಿಸಿದಳು. ನಲವತ್ತು ನಿಮಿಷ ಬೇಕು ಅಂದರು ಅವರು. "ನಲವತ್ತು ನಿಮಿಷದಲ್ಲಿ ಗಣಿಯಂಚಲ್ಲಿ ಏನು ಬೇಕಾದ್ರೂ ಆಗುತ್ತೆ. ನಡೀರಿ," ಅಂದಳು.

ಗಂಡನಿಗೆ ಸೂಜಿ ಎರಡೇ ಮಾತು ಹೇಳಿದಳು. "ನಾನು ಬರಲ್ಲ ಈಗ. ನೀವು ರಜಾ ಹಾಕಿ." ಅವನು ಏನೋ ಅನ್ನುತ್ತಿದ್ದ, ಅವಳು ಫೋನು ಇಟ್ಟಾಗಿತ್ತು.

ಐದು ಜನ ಮತ್ತೆ ಗುಡ್ಡ ಹತ್ತಿ ಓಡಿದರು. ಮಂಜು ಈಗ ಒದ್ದೆ ಕಂಬಳಿಯಂತೆ ದಾರಿಯ ಮೇಲೆ ಬಿದ್ದಿತ್ತು. ಒಡೆದ ಬಂಡೆಯ ಕವಲಿಗೆ ಬಂದು ನಿಂತರು. ಅಂಚೆಯಕ್ಕ ನೆಲಕ್ಕೆ ಬಗ್ಗಿ ನೋಡಿದಳು. ಎಲ್ಲರ ಹೆಜ್ಜೆಯೂ ಅಲ್ಲಿತ್ತು, ಯಾವುದು ಯಾರದು ಅಂತ ಹೇಳುವುದು ಹೇಗೆ.

"ಇಲ್ಲಿ ಗೂಟ ಇರ್ಲಿಲ್ಲ ಅಂದ್ರೆ ಅವಳು ಏನು ಅಂದ್ಕೊಂಡಿರ್ತಾಳೆ?" ಕೇಳಿದಳು ಅಂಚೆಯಕ್ಕ, ಯಾರನ್ನೂ ಅಲ್ಲ, ತನ್ನನ್ನೇ.

ಉತ್ತರ ಸೂಜಿಗೆ ಗೊತ್ತಿತ್ತು. ಕವಲಾದ ಕಡೆಯಲ್ಲೆಲ್ಲ ಗೂಟ ಇರುತ್ತದೆ ಅಂತ ಪಿಸುವಿಗೆ ಬಾಯಿಪಾಠ ಮಾಡಿಸಿದವಳೇ ಅವಳು. ಗೂಟ ಇಲ್ಲದಿದ್ದರೆ ಇದು ಕವಲಲ್ಲ, ನೇರ ಹೋಗು.

"ನೇರ ಹೋಗಿರ್ತಾಳೆ. ಗಣಿ ಕಡೆ."

"ಇಲ್ಲಾ ಇನ್ನೂ ಮೇಲೇ ಇರ್ಬಹುದು," ಅಂದಳು ಅಂಚೆಯಕ್ಕ. ತಾನೂ ಟೀಚರೂ ಮೇಲಕ್ಕೆ ಹೋಗುವುದು ಅಂತ ಮಾಡಿದಳು. ಬೇಕರಿಯವಳು ಕವಲಿನಲ್ಲೇ ನಿಲ್ಲಬೇಕು. ಚಿಕ್ಕ ವಾರಗಿತ್ತಿಯೂ ಸೂಜಿಯೂ ಗಣಿಯ ಕಡೆಗೆ. ಕೂಗು ಕೇಳುವಷ್ಟು ದೂರಕ್ಕೆ ಒಬ್ಬಳು ನಿಲ್ಲುವುದು, ಮುಂದಿನವಳು ಅವಳ ಕೂಗು ಕೇಳುವಷ್ಟು ದೂರ ಹೋಗುವುದು. "ಕೂಗು ಕೇಳ್ಸದ ಕಡೆ ಒಂದು ಹೆಜ್ಜೆನೂ ಇಡಬಾರ್ದು. ಒಬ್ಬಳು ಹೋಗಿದ್ದು ಸಾಕು."

ಬೇಕರಿಯವಳು ಕೊರಳಿನ ಬಟ್ಟೆ ಬಿಚ್ಚಿ ಸೂಜಿಯ ಕೈಗೆ ತುರುಕಿದಳು, ಸುಡುವುದನ್ನು ಬಿಸಾಡುವ ಹಾಗೆ.

ಗಣಿಯ ದಾರಿ ಇಳಿಜಾರು. ಪುಡಿಗಲ್ಲು, ಕಾಲಿಟ್ಟರೆ ಜಾರುವಂಥದು. ಇಳಿಯುವುದೆಂದರೆ ಸೂಜಿಗೆ ಈಗಲೂ ಜೀವ ಹೋಗುತ್ತಿತ್ತು. ಬಿದ್ದ ಕೈಗೆ ನೆನಪು ಜಾಸ್ತಿ. ಇಳಿಯುವಾಗ ಅವಳು ಕೂತು ಜಾರುವುದನ್ನು ನೋಡಿ, ಪ್ಯಾಂಟಿನ ಹಿಂದೆ ತೇಪೆ ಹಾಕ್ಕೊ ಸೂಜಿ ಅಂತ ಎಲ್ಲರೂ ನಗುತ್ತಿದ್ದರು. ಈಗ ಕೂರಲಿಲ್ಲ. ಮೊಣಕಾಲು ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಟ್ಟು, ಅಂಚೆಯಕ್ಕ ಹೇಳಿಕೊಟ್ಟ ಹಾಗೆ ಇಳಿದಳು.

ಹಿಂದಿನಿಂದ ಬೇಕರಿಯವಳ ದನಿ ಬರುತ್ತಿತ್ತು, ಒಲೆಯ ಮುಂದೆ ಕೂಗಿ ಪಳಗಿದ ದನಿ. "ಇದ್ದೀರಾ?"

"ಇದ್ದೀವಿ!"

ಅದು ತೆಳುವಾದ ಕಡೆ ಚಿಕ್ಕ ವಾರಗಿತ್ತಿ ನಿಂತಳು. ಸೂಜಿ ಮುಂದೆ ಹೋದಳು. "ಇದ್ದೀಯಾ ಸೂಜಿ?" "ಇದ್ದೀನಿ." ಪಿಸುವನ್ನು ಕರೆದಳು. ಉತ್ತರವಿಲ್ಲ. ಇನ್ನಷ್ಟು ಹೋದಳು. "ಇದ್ದೀಯಾ?" ಈಗ ಆ ದನಿ ಸೊಳ್ಳೆಯಷ್ಟಾಗಿತ್ತು. ಇನ್ನು ಹತ್ತು ಹೆಜ್ಜೆ ಇಟ್ಟರೆ ಅದೂ ಇಲ್ಲ. ಗಣಿಯ ಗುಂಡಿ ಎಲ್ಲೋ ಬಲಕ್ಕಿರಬೇಕು. ಎಷ್ಟು ಬಲಕ್ಕೆ ಅನ್ನುವುದನ್ನು ಮಂಜು ಹೇಳುತ್ತಿರಲಿಲ್ಲ.

ನಿಂತಳು. ನಿಂತಾಗಲೇ ಕೇಳಿಸಿದ್ದು. ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್, ಟಕ್. ಕಲ್ಲಿಗೆ ಕಲ್ಲು ಬಡಿಯುವ ಸದ್ದು. ನೀರು ತೊಟ್ಟಿಕ್ಕುವುದಾದರೆ ಹಾಗೆ ಎರಡೆರಡಾಗಿ ಬೀಳುವುದಿಲ್ಲ.

ಕೂಗು ಕೇಳಿಸದ ಕಡೆ ಹೋಗಬಾರದು. ಕಟ್ಟಳೆ ಒಂದು ಸಲ ಮುರಿದದ್ದರ ಫಲ ಕಣ್ಣ ಮುಂದೆಯೇ ಇತ್ತು. ಹಿಂದೆ ಹೋಗಿ ವಾರಗಿತ್ತಿಯನ್ನು ಕರೆತಂದರೆ? ಅವಳನ್ನು ಕಿತ್ತರೆ ಬೇಕರಿಯವಳ ಕೂಗಿನ ಕೊಂಡಿ ತಪ್ಪುತ್ತದೆ. ಕಾದರೆ ಟಕ್ ಟಕ್ ನಿಂತುಹೋದರೆ?

ಸೂಜಿ ಕೈಯಲ್ಲಿದ್ದ ಬಟ್ಟೆ ನೋಡಿದಳು. ಅಂಚಿನ ಹೊಲಿಗೆಯನ್ನು ಹಲ್ಲಿನಲ್ಲಿ ಕಚ್ಚಿ ಕಿತ್ತಳು. ಬಟ್ಟೆಯ ಎಳೆ ಹಿಡಿದು ಹರಿದರೆ ಅದು ಅಡ್ಡಾದಿಡ್ಡಿ ಹರಿಯುವುದಿಲ್ಲ, ಗೆರೆ ಎಳೆದ ಹಾಗೆ ಬರುತ್ತದೆ. ಬೆರಳಗಲದ ಪಟ್ಟಿ ಒಂದನ್ನು ಪಕ್ಕದ ಪೊದೆಗೆ ಕಟ್ಟಿದಳು. ಅದು ಕಣ್ಣಿಗೆ ಮಸುಕಾಗುವ ಮುಂಚೆ ಇನ್ನೊಂದು. ಹೀಗೆ ಹರಿಯುತ್ತ, ಕಟ್ಟುತ್ತ, ಕಾಲಿನಿಂದ ನೆಲ ತಡವುತ್ತ ಹೋದಳು. ಒಂಬತ್ತನೇ ಪಟ್ಟಿ ಕಟ್ಟಲು ಪೊದೆ ಸಿಗಲಿಲ್ಲ. ಕಲ್ಲಿನ ಕೆಳಗೆ ಸಿಕ್ಕಿಸಿದಳು. ಒಂದು ಹೆಜ್ಜೆ ಇಟ್ಟಾಗ ಕಾಲ ಕೆಳಗಿನ ಪುಡಿಗಲ್ಲು ಜಾರಿ ಹೋಯಿತು, ಹೋದ ಕಲ್ಲು ಬಿದ್ದ ಸದ್ದು ತಡವಾಗಿ ಕೇಳಿಸಿತು. ಅಂಗಾತ ಹಿಂದಕ್ಕೆ ಬಿದ್ದಳು. ಬಿದ್ದದ್ದೇ ಒಳ್ಳೆಯದಾಯಿತು. ಅಂಗೈ ಊರಿ, ತೆವಳಿ, ಎಡಕ್ಕೆ ಸರಿದಳು.

"ಪಿಸು!"

"ಅಕ್ಕಾ," ಅಂದಿತು ಮಂಜು, ತೀರಾ ಮೆಲ್ಲಗೆ, ತೀರಾ ಹತ್ತಿರದಿಂದ.

ಒಂದು ದೊಡ್ಡ ಕಲ್ಲಿಗೆ ಬೆನ್ನು ಅಂಟಿಸಿ ಕೂತಿದ್ದಳು. ಒಂದು ಪಾದ ಊದಿ ಬೂಟಿನಿಂದ ಉಕ್ಕುತ್ತಿತ್ತು. ಎರಡೂ ಕೈಯಲ್ಲಿ ಒಂದೊಂದು ಕಲ್ಲು. ಎದೆಯ ಮೇಲಿನ ಬಟ್ಟೆ ಹಾಲಿನಿಂದ ತೊಯ್ದು ಹೋಗಿತ್ತು.

"ಯಾವ ಕಡೆ ಗುಂಡಿ ಅಂತ ಗೊತ್ತಾಗ್ಲಿಲ್ಲ ಅಕ್ಕ. ಕೂತ್ಬಿಟ್ಟೆ."

"ಬುದ್ಧಿವಂತೆ. ಕೂಗೋದಲ್ವೇನೆ?"

"ಕೂಗಿದೆ. ದನಿ ಹೊರಗೇ ಬರ್ಲಿಲ್ಲ." ಕೈಯ ಕಲ್ಲು ಕೆಳಗಿಟ್ಟಳು. "ಮಗು?"

"ನರ್ಸಕ್ಕ ಹೋಗಿದಾಳೆ. ಎದ್ದೇಳು. ಭಾರ ನನ್ನ ಮೇಲೆ ಹಾಕು."

ಕೆಂಪು ಪಟ್ಟಿಗಳನ್ನು ಒಂದೊಂದಾಗಿ ಹುಡುಕುತ್ತ ವಾಪಸು ಬಂದರು. ಒಂಬತ್ತರಲ್ಲಿ ಏಳು ಸಿಕ್ಕವು. ಐದನೆಯದು ಕಾಣದೆ, ಎತ್ತ ಹೋಗುವುದು ತಿಳಿಯದೆ ಅವಳನ್ನು ಹೆಗಲಿಗೆ ಆನಿಸಿಕೊಂಡು ನಿಂತಾಗ, ದೂರದಲ್ಲಿ ಚಿಕ್ಕ ವಾರಗಿತ್ತಿ ಅಳುತ್ತ ಕೂಗುವುದು ಕೇಳಿಸಿತು. "ಇದ್ದೀಯೇನೇ ಸೂಜಿ, ಇದ್ದೀಯೇನೇ?"

"ಇದ್ದೀವಿ. ಇಬ್ಬರು."

ಆ ಮಾತು ವಾರಗಿತ್ತಿಯಿಂದ ಬೇಕರಿಯವಳಿಗೆ, ಬೇಕರಿಯವಳಿಂದ ಗುಡ್ಡಕ್ಕೆಲ್ಲ ಹೋಯಿತು.

ಗೇಟಿಗೆ ಬಂದಾಗ ಒಂಬತ್ತೂ ಇಪ್ಪತ್ತು. ಅಗ್ನಿಶಾಮಕದವರು ಬಂದು, ತಮಗೆ ಕೆಲಸ ಉಳಿದಿಲ್ಲ ಅಂತ ತಿಳಿದು, ಪಾದಕ್ಕೆ ಪಟ್ಟಿ ಕಟ್ಟಿ ಹೋದರು. ನರ್ಸು ಮಗುವನ್ನೂ ಅತ್ತೆಯನ್ನೂ ಅಲ್ಲಿಗೇ ಕರೆತಂದಿದ್ದಳು. ಮಗು ಬಾಟಲಿ ಹಾಲನ್ನು ಅರ್ಧ ಕುಡಿದು ಅರ್ಧ ಉಗುಳಿತ್ತು. ತಾಯಿಯ ಮಡಿಲು ಸಿಕ್ಕಿದ್ದೇ ತಡ, ಲೋಕದ ಗೊಡವೆಯೇ ಬೇಡ ಅನ್ನುವ ಹಾಗೆ ಕುಡಿಯತೊಡಗಿತು. ಅತ್ತೆ ಸೂಜಿಯನ್ನು ಮೇಲಿಂದ ಕೆಳಗೆ ನೋಡಿ, "ನೀನು ಎಂಟೂವರೆ ಅಂದಿದ್ದೆ," ಅಂದಳು. ಅಷ್ಟೇ.

ಬೇಕರಿಯ ಹಿಂದಿನ ಕೋಣೆಯಲ್ಲಿ ಎಲ್ಲರೂ ಕೂತರು. ಬೇಕರಿಯವಳು ಅಳುತ್ತಿದ್ದಳು. "ನನ್ನ ತಪ್ಪು. ಕೊಟ್ಟಳು ಅಂತ ಹಾಕ್ಕೊಂಡ್ನಲ್ಲ."

"ನಂದೇ ತಪ್ಪು ಅಕ್ಕ," ಅಂದಳು ಪಿಸು. "ಕಾಯ್ರಿ ಅನ್ನೋಕೆ ನಾಚ್ಕೆ ಆಯ್ತು."

ಅಂಚೆಯಕ್ಕ, "ಆಯ್ತು ಬಿಡಿ, ಮುಗೀತು," ಅಂದಳು. ಮುಗಿಯಿತು ಅನ್ನಬಹುದಿತ್ತು. ಗಂಟು ಕಂಡದ್ದು ಸೂಜಿಗಲ್ಲದೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಅವಳನ್ನು ನೋಡುತ್ತಿದ್ದ ರೀತಿ ಬೇರೆಯಾಗಿತ್ತು ಈಗ, ಜನ್ಮದಲ್ಲಿ ಯಾರೂ ಅವಳನ್ನು ಹಾಗೆ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅದು ಅವಳಿಗೇ ಉಳಿಯುತ್ತಿತ್ತು. ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಹೊಸದೂ ಅಲ್ಲ.

"ನಾನು ನೋಡಿದ್ದೆ," ಅಂದಳು. "ಇದು ಪಿಸು ಹಾಕೋ ಗಂಟಲ್ಲ ಅಂತ ಅಲ್ಲೇ ಗೊತ್ತಾಯ್ತು ನಂಗೆ. ಮನೆಗೆ ತಡವಾಗ್ತಿತ್ತು. ಕಂಡೂ ಕಾಣದ ಹಾಗೆ ಬಂದೆ."

ಒಲೆಯೊಳಗೆ ತಗಡೊಂದು ಬಿಸಿಗೆ ಟಣ್ ಅಂದಿತು. ಬೇಕರಿಯವಳ ಅಳು ನಿಂತಿತು.

"ನೋಡಿ ಸುಮ್ನಿದ್ಯಾ? ಇಷ್ಟೊತ್ತು ನಾನು ಎದೆ ಬಡ್ಕೊಳ್ತಿದ್ದೆ, ಆಗ್ಲೂ ಸುಮ್ನಿದ್ಯಾ?"

"ಹೂಂ."

ಅಂಚೆಯಕ್ಕ ಬಗ್ಗಿ ತನ್ನ ಬೂಟಿನ ದಾರ ಬಿಗಿದಳು. "ಅಟ್ಟ ಮೇಲೆ ಒಲೆ ಉರೀತು," ಅಂದಳು. "ಇನ್ನು ಮೇಲೆ ಬಟ್ಟೆನೂ ನೋಡೋದು, ತಲೆನೂ ಎಣಿಸೋದು. ಇಳಿಯೋವಾಗ ಎಣಿಸೋಳು ಸೂಜಿ. ಒಂದ್ಸಲ ತಪ್ಪಿದವಳು ಇನ್ನೊಂದ್ಸಲ ತಪ್ಪಲ್ಲ."

ಪಿಸು ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು. ಕುಂಟುತ್ತ ಮನೆಗೆ ಹೊರಟಾಗ ಅತ್ತೆಯ ಹೆಗಲು ಹಿಡಿದಳು, ಸೂಜಿಯದನ್ನಲ್ಲ.

ಅವಳು ವಾಪಸು ಬಂದದ್ದು ಏಳನೇ ವಾರ. ಸೂಜಿ ಹೊಸ ಕೆಂಪು ಬಟ್ಟೆ ಹೊಲಿದಿಟ್ಟಿದ್ದಳು, ಈ ಸಲ ಅಂಗಡಿಯಿಂದ ಕೊಂಡು ತಂದು. ಪಿಸು ಅದನ್ನು ತಾನೇ ಕೈಗೆತ್ತಿಕೊಂಡು, ಲಾಂಡ್ರಿ ಗಂಟು ಹಾಕಿಕೊಂಡಳು. ತೊಟ್ಟಿಯಿಂದ ಇಳಿಯುವಾಗ ಮುಂದಿನವರೆಲ್ಲ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಬಂತು. ಒರಟು, ಒಡೆದ ದನಿ. ಯಾರದೆಂದು ಮೊದಲು ಯಾರಿಗೂ ತಿಳಿಯಲಿಲ್ಲ.

"ನಿಲ್ರೀ! ನಾನಿನ್ನೂ ಬಂದಿಲ್ಲ!"

ಏಳೂ ಜನ ನಿಂತರು. ಬಂಡೆ ಹಿಂದಿನ ಕೆಲಸ ಮುಗಿಸಿ ಅವಳು ಬರುವವರೆಗೆ ಆರು ನಿಮಿಷ ನಿಂತರು. ಎರಡನೇ ಕವಲಿನಲ್ಲಿ ಸೂಜಿ ಬಾಯಿಬಿಟ್ಟು ಎಣಿಸಿದಳು.

ಆ ಮಂಜಿನ ಭಾನುವಾರ ಹೋದದ್ದು ಗಂಡನ ಒಂದು ಪಾಳಿಯ ಸಂಬಳ, ಒಂದು ಕೆಂಪು ಬಟ್ಟೆ, ಬೇಕರಿಯವಳು ಸೂಜಿಯ ಜೊತೆ ಆಡದೆ ಬಿಟ್ಟ ಒಂದು ತಿಂಗಳ ಮಾತು. ಪಿಸುವಿನ ಅತ್ತೆಯ ನಂಬಿಕೆ ಹೋದದ್ದು ಹೋಯಿತು, ಅದು ಇವತ್ತಿಗೂ ಬಂದಿಲ್ಲ. ಉಳಿದದ್ದು ಎಂಟು ಜನ.